ಕೋವಿಗೆ ನಿದ್ದೆ ಬಾರದ ಬೇಸಿಗೆ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಬೇಸಿಗೆಯಲ್ಲಿ, ಒಂದೂರಿನಲ್ಲಿ ಒಂದು ಕೋವಿ ಇತ್ತು. ಆ ಕೋವಿಗೊಬ್ಬಳು ಅಜ್ಜಿ ಇದ್ದಳು. ಆ ಅಜ್ಜಿಗೊಬ್ಬಳು ಮೊಮ್ಮಗಳು ಇದ್ದಳು. ಮೊಮ್ಮಗಳಿಗೆ ಮದುವೆ ಗೊತ್ತಾಗಿತ್ತು, ಹಾಗಾಗಿ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ಮೊಮ್ಮಗಳು ನಾನೇ, ಹೆಸರು ಬಕುಳ. ನಮ್ಮಜ್ಜಿ ಕಥೆ ಹೇಳುವಾಗ ಇಷ್ಟಕ್ಕೆ ನಿಲ್ಲಿಸಿಬಿಡುತ್ತಿದ್ದಳು. ಕೇಳುವವರು "ಹೂಂ" ಅನ್ನುವವರೆಗೂ ಮುಂದಿನ ಮಾತು ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಹೂಂ ಅಂದರೆ ಕಥೆ ನಡೆಯುತ್ತದೆ, ಹೂಂ ನಿಂತರೆ ಮಗು ಮಲಗಿತು ಅಂತ ಅರ್ಥ. ನೀವೂ ಹೂಂ ಅನ್ನುತ್ತಿರಿ.

ನಮ್ಮೂರಲ್ಲಿ ಎಚ್ಚರವಾಗಿರುವ ಸಾಮಾನನ್ನು ಊರಾಚೆ ಕಳಿಸುವಂತಿಲ್ಲ. ಕಳಿಸಿದರೂ ಅದು ಹೋದ ಕಡೆ ನಿಲ್ಲುವುದಿಲ್ಲ, ಬೆಳಗಾಗುವಷ್ಟರಲ್ಲಿ ವಾಪಸ್ ಬಂದಿರುತ್ತದೆ. ಹಿಂದೆ ಯಾರೋ ಅವಸರಗೇಡಿಗಳು ಮಗಳ ಹೊಸ ಸಂಸಾರಕ್ಕೆಂದು ಒರಳುಕಲ್ಲನ್ನು ಸರಿಯಾಗಿ ಮಲಗಿಸದೆ ಗಾಡಿಗೆ ಹೇರಿದ್ದರಂತೆ. ಅದು ಗುಡ್ಡದ ತಲೆಯಿಂದ ಉರುಳಿಕೊಂಡು, ಸಿಕ್ಕಿದ ಬೇಲಿಗಳನ್ನೆಲ್ಲ ಮುರಿದುಕೊಂಡು, ಮೈಗೆಲ್ಲ ಹಾಗಲಬಳ್ಳಿ ಸುತ್ತಿಕೊಂಡು, ಬಾಸಿಂಗ ಕಟ್ಟಿದ ಮದುಮಗನ ಹಾಗೆ ಬಂದು ತನ್ನ ಹಳೇ ಜಾಗದಲ್ಲೇ ಕೂತಿತ್ತಂತೆ. ಅದಕ್ಕೇ ನಮ್ಮೂರಿನ ಹೆಂಗಸರು ಗಂಡಸರಿಗೆಲ್ಲ ಸಾಮಾನು ಮಲಗಿಸುವ ವಿದ್ಯೆ ಚೆನ್ನಾಗಿ ಗೊತ್ತು. ತಾಮ್ರದ ಹಂಡೆಯನ್ನು ಬೋರಲು ಹಾಕಿ ಬೆನ್ನು ತಟ್ಟಿದರೆ ಸಾಕು. ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟು ಕಾಲು ಒತ್ತಬೇಕು. ಛತ್ರಿಗಳಂತೂ ಮಡಿಸುವಷ್ಟರಲ್ಲೇ ಗೊರಕೆ ಹೊಡೆಯುತ್ತವೆ. ಗಡಿಯಾರ ಸ್ವಲ್ಪ ಕಷ್ಟ. ಕೀಲಿ ಕೊಡುವುದನ್ನು ಮರೆತವರ ಹಾಗೆ ಅದರ ಮುಂದೆ ಬೇರೆ ಕೆಲಸ ಮಾಡುತ್ತಾ ಕೂರಬೇಕು.

ಹಾಗೆ ಮಲಗಿಸಿದ ಸಾಮಾನನ್ನು ಹೊಳೆಯ ಸೇತುವೆ ಪಕ್ಕದ ಪಾರ್ಸಲ್ ಆಫೀಸಿಗೆ ಮೆಲ್ಲಗೆ ಎತ್ತಿಕೊಂಡು ಹೋಗಬೇಕು. ಅಲ್ಲಿ ಕಿವಿಗಾರ ಇರುತ್ತಾನೆ. ಅವನು ಸಾಮಾನಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿ, ಮಲಗಿದೆಯೋ ಇಲ್ಲವೋ ಹೇಳುತ್ತಾನೆ. ಮಲಗಿದ್ದರೆ ಅರಗಿನ ಮುದ್ರೆ, ಇಲ್ಲದಿದ್ದರೆ ವಾಪಸ್ ಮನೆಗೆ. ಈಗಿನ ಕಿವಿಗಾರ ಮಲ್ಲಿನಾಥ. ಅವನ ಕಿವಿಗಳು ತುಸು ದೊಡ್ಡವೇ, ಸಂಜೆ ಬಿಸಿಲು ಹಿಂದಿನಿಂದ ಬಿದ್ದರೆ ದಾಸವಾಳದ ಎಸಳಿನ ಹಾಗೆ ಕಾಣುತ್ತವೆ. ಅದನ್ನು ನಾನು ಹೇಗೆ ಕಂಡೆ ಅಂದರೆ, ಒಂದು ದಿನ ಚಿಕ್ಕಮ್ಮನಿಗೆ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಲು ಭರಣಿ ಹೊತ್ತು ಹೋಗಿದ್ದೆ. ಅವನು ಭರಣಿಗೆ ಕಿವಿ ಕೊಟ್ಟ. ತುಂಬ ಹೊತ್ತು ಕೊಟ್ಟ. ಆಮೇಲೆ ಅವನ ಮುಖದ ಮೇಲೆ ಮೆಲ್ಲಗೆ ಒಂದು ನಗು ಬಂತು.

"ಮಲಗಿದೆ. ಕನಸು ಕಾಣ್ತಾ ಇದೆ," ಅಂದ.

"ಉಪ್ಪಿನಕಾಯಿ ಭರಣೀನಾ? ಏನು ಕನಸು?"

"ಮರದ ಮೇಲೆ ಇದೆ. ಗಾಳಿ ಬೀಸ್ತಿದೆ."

ಉಪ್ಪಿನಕಾಯಿಯ ಕನಸನ್ನು ಕೇಳಬಲ್ಲ ಗಂಡಸು ಹೆಂಡತಿಯ ಮಾತನ್ನು ಕೇಳದೆ ಇರುತ್ತಾನೆಯೇ? ನಾನು ಅಲ್ಲೇ ಬಿದ್ದುಹೋದೆ. ಆಮೇಲೆ ಆ ವರ್ಷ ಚಿಕ್ಕಮ್ಮನ ಮನೆಗೆ ಎಷ್ಟು ಭರಣಿ ಹೋದವೆಂದರೆ, ಅವಳೇ ಹೇಳಿ ಕಳಿಸಿದಳು: "ಆ ಹುಡುಗನ್ನ ಬೇಗ ಮದುವೆಯಾಗಿಬಿಡು ಮಾರಾಯ್ತಿ, ನಮ್ಮ ಮನೇಲಿ ಎಲ್ಲರಿಗೂ ಹೊಟ್ಟೆ ಉರಿ ಶುರುವಾಗಿದೆ."

ಎರಡೂ ಮನೆಯವರು ಒಪ್ಪಿದರು. ಉಳಿದದ್ದು ಕೋವಿ ಒಪ್ಪುವುದು. ನಮ್ಮಲ್ಲಿ ಹುಡುಗಿ ಮನೆಯ ಹೊಸಿಲು ದಾಟುವ ಮುಂಚೆ ಆ ಮನೆಯ ಕೋವಿ ಆಕಾಶಕ್ಕೆ ಒಂದು ಗುಂಡು ಹಾರಿಸಿ, ನಮ್ಮ ಹುಡುಗಿ ಹೊರಟಳು ಅಂತ ಸಾರಬೇಕು. ಕೋವಿ ಮಾತಾಡದೆ ಧಾರೆ ಇಲ್ಲ. ಪಕ್ಕದ ಮನೆಯಿಂದ ಕೋವಿ ತಂದು ಹಾರಿಸಿದರೆ ನಡೆಯುವುದಿಲ್ಲ, ನಮ್ಮ ಮನೆ ವಿಷಯ ಪಕ್ಕದ ಮನೆಯ ಕೋವಿಗೇನು ಗೊತ್ತು? ನಮ್ಮದು ಅಜ್ಜಿಯ ಕೋವಿ. ಅಜ್ಜಿಯ ಮಂಚದ ಮೇಲುಗಡೆ ಗೋಡೆಗೆ ಅಡ್ಡಡ್ಡ ನೇತುಹಾಕಿದ, ಹಳೇ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ. ಅಜ್ಜಿಯ ಮದುವೆಯಲ್ಲಿ ಅವಳ ಅಜ್ಜಿ ಅದನ್ನು ಹಾರಿಸಿದ್ದಳು, ಅಮ್ಮನ ಮದುವೆಯಲ್ಲಿ ನಮ್ಮಜ್ಜಿ ಹಾರಿಸಿದ್ದಳು. ಮದುವೆಗಲ್ಲದೆ ಇನ್ಯಾವುದಕ್ಕೂ ಅದು ಬಾಯಿ ತೆರೆದದ್ದಿಲ್ಲ, ಜೋಳದ ಹೊಲಕ್ಕೆ ಬಂದ ಗಿಳಿಯನ್ನು ಕೂಡ ಹೆದರಿಸಿದ್ದಿಲ್ಲ.

ಲಗ್ನ ಹತ್ತಿರ ಬಂತಲ್ಲ ಅಂತ ಅಜ್ಜಿ ಒಂದು ಬೆಳಿಗ್ಗೆ ಕೋವಿಯನ್ನು ಅಂಗಳಕ್ಕೆ ತಂದು ಕುದುರೆ ಎಳೆದು ನೋಡಿದಳು. ಕುದುರೆ ಅಂದರೆ ಕೋವಿಯ ಬೆನ್ನಮೇಲೆ ಪುಟ್ಟ ಸುತ್ತಿಗೆಯ ಹಾಗೆ ಇರುತ್ತದಲ್ಲ, ಕೇಪಿನ ಮೇಲೆ ಬಡಿದು ಕಿಡಿ ಹುಟ್ಟಿಸುವುದು, ಅದು. ಬಡಿಯಬೇಕಾದ ಕುದುರೆ ಸುಸ್ತಾದ ಮುದುಕಪ್ಪನ ಹಾಗೆ ಮೆಲ್ಲಗೆ ತಲೆ ಬಾಗಿಸಿ "ಟಿಕ್" ಅಂದಿತು.

"ಇದರ ಸ್ಪ್ರಿಂಗು ಸವೆದು ಹೋಗಿದೆ," ಅಂದಳು ಅಜ್ಜಿ. "ಅಲ್ಲ, ಎರಡು ತಲೆಮಾರಿಗೆ ಎರಡು ಸಲ ಹಾರಿಸಿದ ಕೋವಿಗೆ ಸವೆಯೋ ಅಂಥಾದ್ದೇನು ಬಂತು?"

ಕೋವಿ ಬಿಚ್ಚಿ ಸರಿಮಾಡುವ ಕೈ ಇರುವುದು ಗುಡ್ಡದಾಚೆಯ ಬುಡೇನ್ ಸಾಬರಿಗೆ ಮಾತ್ರ. ಅಲ್ಲಿಗೆ ಹೋಗಿಬರುವುದು ಪಾರ್ಸಲ್ ಸಾಗಿಸುವ ದ್ಯಾವಕ್ಕನ ಹೇಸರಗತ್ತೆಗಳು ಮಾತ್ರ. ಊರ ಮುಂದಿನ ಬೂರುಗದ ಮರದ ಕಾಯಿಗಳೆಲ್ಲ ಬಿರಿದು ಅರಳೆ ಹಾರತೊಡಗಿದರೆ ನಮ್ಮಲ್ಲಿ ಆ ವರ್ಷದ ಲಗ್ನಗಳು ಮುಗಿದ ಹಾಗೆ. ಕಾಯಿಗಳು ಆಗಲೇ ಕಂದುಬಣ್ಣಕ್ಕೆ ತಿರುಗಿದ್ದವು. ಅದಕ್ಕೆ ಮುಂಚೆ ದ್ಯಾವಕ್ಕನದು ಒಂದೇ ಒಂದು ಪ್ರಯಾಣ ಬಾಕಿ. ಆ ಪ್ರಯಾಣದಲ್ಲಿ ಕೋವಿ ಹೋದರೆ ಈ ವರ್ಷ ನನಗೆ ಮದುವೆ, ಇಲ್ಲದಿದ್ದರೆ ಇನ್ನೊಂದು ವರ್ಷ ಉಪ್ಪಿನಕಾಯಿ.

"ನಿನ್ನ ಮದುವೆ, ನಿನ್ನ ಕೋವಿ. ನೀನೇ ಮಲಗಿಸಿ, ನೀನೇ ಕಳಿಸಬೇಕು. ಮಾತು ಕೊಡು," ಅಂದಳು ಅಜ್ಜಿ. ನಾನು ಉರಿಯುವ ಒಲೆಯ ಮುಂದೆ ನಿಂತು ಮಾತು ಕೊಟ್ಟೆ. ಅದರಲ್ಲೇನು ಮಹಾ ಅನ್ನಿಸಿತ್ತು. ಭರಣಿ ಮಲಗಿಸಿ ಮಲಗಿಸಿ ಕೈ ಪಳಗಿತ್ತು.

ಅಜ್ಜಿ ಕಬ್ಬಿಣದ ಸಲಾಕೆಯನ್ನು ನಳಿಗೆಯ ತಳದವರೆಗೆ ಇಳಿಬಿಟ್ಟು, ಒಳಗೆ ಮದ್ದು ಗುಂಡು ಏನೂ ಇಲ್ಲವೆಂದು ನೋಡಿಕೊಟ್ಟಳು. ನಾನು ಅದನ್ನು ಅಜ್ಜಿಯ ಹಳೇ ನೂಲಿನ ಸೀರೆಯಲ್ಲಿ ಸುತ್ತಿ, ನಾನು ಮಲಗುತ್ತಿದ್ದ ತೊಟ್ಟಿಲನ್ನೇ ಅಟ್ಟದಿಂದ ಇಳಿಸಿ ಅದರಲ್ಲಿ ಹಾಕಿದೆ. ನಳಿಗೆ ಒಂದು ಕಡೆ, ಹಿಡಿ ಒಂದು ಕಡೆ ಚಾಚಿಕೊಂಡು, ಉದ್ದ ಕಾಲಿನ ನೆಂಟನನ್ನು ಮಲಗಿಸಿದ ಹಾಗೆ ಕಂಡಿತು. ಜೋಗುಳ ಹಾಡಿದೆ. ನಳಿಗೆಗೆ ಕೊಬ್ಬರಿ ಎಣ್ಣೆ ಸವರಿದೆ. ಹಿಡಿಯನ್ನು ತಟ್ಟಿದೆ. ಜೋಗುಳ ಕೇಳಿ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳೆಲ್ಲ ಮಲಗಿಬಿಟ್ಟವು, ಅಮ್ಮ ಪಾಯಸಕ್ಕೆ ಉರುಳಿ ಪಾತ್ರೆ ಇಳಿಸಲು ಹೋಗಿ ಅದನ್ನು ಎಬ್ಬಿಸಲಾರದೆ ನನ್ನನ್ನು ಬೈದಳು. ಕೋವಿಯೂ ಅಲ್ಲಾಡಲಿಲ್ಲ. ಗೆದ್ದೆ ಅಂದುಕೊಂಡು ಅದನ್ನು ಉದ್ದನೆಯ ಮರದ ಪೆಟ್ಟಿಗೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ಆಫೀಸಿಗೆ ನಡೆದೆ.

ದ್ಯಾವಕ್ಕ ಆಗಲೇ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವಳ ಹೇಸರಗತ್ತೆಗಳು ಹುಣಸೆ ಮರದ ಕೆಳಗೆ ಬಾಲ ಬೀಸುತ್ತಾ ನಿಂತಿದ್ದವು. "ಬಂದ್ಲಪ್ಪಾ ಮದುಮಗಳು, ತಲೆ ಮೇಲೆ ತಾಳಿ ಹೊತ್ಕೊಂಡು," ಅಂದಳು.

ಮಲ್ಲಿನಾಥ ಆಫೀಸಿನಲ್ಲಿದ್ದಾಗ ನನಗೆ ಬಹುವಚನ. "ಇಡಿ ಬಕುಳಾ ಅವ್ರೇ," ಅಂದು ಪೆಟ್ಟಿಗೆಗೆ ಕಿವಿ ಇಟ್ಟ. ನಾನು ಅವನ ಕಿವಿಯನ್ನೇ ನೋಡುತ್ತಾ, ಮದುವೆಯ ದಿನ ಅದರ ಮೇಲೆ ಅಕ್ಷತೆಯ ಕಾಳು ನಿಂತರೆ ಎಷ್ಟು ಚೆಂದ ಅಂದುಕೊಳ್ಳುತ್ತಿದ್ದೆ. ಅವನ ಹುಬ್ಬು ಗಂಟಾಯಿತು.

"ಎಚ್ಚರ ಇದೆ."

"ಸುಳ್ಳು! ಅಲ್ಲಾಡ್ತಾನೇ ಇಲ್ಲ ಅದು."

"ಅಲ್ಲಾಡದೆ ಎಚ್ಚರ ಇದೆ. ಏನನ್ನೋ ಕಾಯ್ತಾ ಇದೆ."

"ಏನನ್ನ?"

"ಅದು ಗೊತ್ತಾಗ್ತಾ ಇಲ್ಲ ಕಣ್ರೀ."

ನಾನು ಮೇಜಿನ ಮೇಲೆ ಬಾಗಿ, ದ್ಯಾವಕ್ಕನಿಗೆ ಕೇಳದ ಹಾಗೆ ಪಿಸುಗುಟ್ಟಿದೆ. "ಒಂದು ಮುದ್ರೆ ಒತ್ತಿಬಿಡಿ. ದಾರೀಲಿ ಹೇಸರಗತ್ತೆ ಮೇಲೆ ತೂಗಾಡ್ತಾ ತೂಗಾಡ್ತಾ ತಾನೇ ಮಲಗತ್ತೆ. ನಿಮ್ಮ ಮದುವೆನೂ ಹೌದಲ್ವಾ ಇದು?"

ಅವನ ಕಿವಿಗಳು ಕೆಂಪಾದವು. "ಹೌದು. ಅದಕ್ಕೇ ಒತ್ತಲ್ಲ. ಇವತ್ತು ಮಲಗದೇ ಇರೋದನ್ನ ಮಲಗಿದೆ ಅಂದ್ರೆ, ನಾಳೆ ಇವನು ಹೇಳೋದು ನಿಜವೋ ಸುಳ್ಳೋ ಅಂತ ನೀನೇ ನನ್ನ ಮುಖ ನೋಡ್ತೀಯಾ." ಸಿಟ್ಟಿನಲ್ಲಿ ಅವನಿಗೆ ಏಕವಚನ ಬಂದುಬಿಟ್ಟಿತ್ತು.

"ಭೇಷ್ ಕಿವಿಯಪ್ಪಾ!" ಅಂತ ಜಗಲಿಯಿಂದಲೇ ಕೂಗಿದಳು ದ್ಯಾವಕ್ಕ. ಪಿಸುಮಾತು ಅವಳಿಗೆ ಯಾವಾಗಲೂ ಮೊದಲು ಕೇಳಿಸುತ್ತದೆ. "ಎಚ್ಚರ ಇರೋ ಕೋವೀನ ನಾನೂ ಒಯ್ಯಕ್ಕಿಲ್ಲ ತಾಯಿ. ಅದು ವಾಪಸ್ ಬರೋವಾಗ ನನ್ನ ಹೇಸರಗತ್ತೆ ಮೇಲೇ ಸವಾರಿ ಮಾಡ್ಕೊಂಡು ಬಂದ್ರೆ? ಹೊತ್ತು ಇಳಿಯೋವರ್ಗೂ ಕಾಯ್ತೀನಿ, ಅಷ್ಟರಾಗೆ ಮಲಗ್ಸು."

ನನಗೆ ಅಳು ಬರಬೇಕಿತ್ತು, ಆದರೆ ಬಂದದ್ದು ಕಥೆ. ನಾನು ಮಲಗದೆ ರಚ್ಚೆ ಹಿಡಿದಾಗಲೆಲ್ಲ ಅಜ್ಜಿ ಮಾಡುತ್ತಿದ್ದದ್ದು ಅದನ್ನೇ. ಪೆಟ್ಟಿಗೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಶುರುಮಾಡಿದೆ. "ಒಂದೂರಲ್ಲಿ ಒಬ್ಬಳು ಹುಡುಗಿ. ಅವಳಜ್ಜಿ ಒಂದು ಸಂಜೆ ಹಾಲು ಕಾಯಿಸಿ, ಉಗುರುಬೆಚ್ಚಗೆ ಆರಿಸಿಟ್ಟು, ನೋಡ್ತಾಳೆ, ಮನೇಲಿ ಹೆಪ್ಪಿಲ್ಲ."

ಪೆಟ್ಟಿಗೆಯೊಳಗಿಂದ ಸದ್ದು ಬಂತು. "ಟಿಕ್."

ನಾನು ಮಲ್ಲಿನಾಥನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ.

"ಪಕ್ಕದ ಮನೇಲಿ ಕೇಳಿದಳು, ಹೆಪ್ಪಿಲ್ಲ. ಊರಲ್ಲೆಲ್ಲ ಕೇಳಿದಳು, ಹೆಪ್ಪಿಲ್ಲ."

"ಟಿಕ್."

"ಹೂಂಗುಟ್ತಾ ಇದೆ!" ಅಂತ ಕೂಗಿಬಿಟ್ಟೆ. ಆಮೇಲೆ ನನ್ನನ್ನು ಹಿಡಿಯುವವರು ಯಾರು? ಹೂಂಗುಟ್ಟುವ ಕೋವಿ ಸಿಕ್ಕಿದರೆ ಯಾವ ಅಜ್ಜಿಯ ಮೊಮ್ಮಗಳು ತಾನೇ ಸುಮ್ಮನಿರುತ್ತಾಳೆ? ಹುಡುಗಿ ಬಟ್ಟಲು ಹಿಡಿದು ಹೊರಟಳು. ಜೇಡ ಎಳೆ ಇಳಿಬಿಟ್ಟಿತು, ಹತ್ತಿದಳು. ಮೋಡ ಬೆನ್ನು ಕೊಟ್ಟಿತು, ಕೂತಳು. ಚುಕ್ಕಿಗಳು ಕಾಲಿಗೆ ಸಿಕ್ಕಿಕೊಂಡವು, ಸೆರಗಿನಿಂದ ಗುಡಿಸಿ ಪಕ್ಕಕ್ಕೆ ಹಾಕಿದಳು. ಕೊನೆಗೆ ಚಂದ್ರನ ಮನೆಯ ಬಾಗಿಲು ಬಂತು. ಕೈಯೆತ್ತಿ ತಟ್ಟಿದಳು. ಟಿಕ್, ಟಿಕ್ ಅಂತ ಕೋವಿ ಹೂಂಗುಟ್ಟುತ್ತಲೇ ಇತ್ತು. ನಾನು ಎದ್ದು ನಿಂತು, ಕೈ ಬೀಸಿ, ಚಂದ್ರನ ಬಾಗಿಲನ್ನು ಮೇಜಿನ ಮೇಲೆ ತಟ್ಟಿ ತೋರಿಸಿದೆ.

ಆಗಲೇ ನಮಗೆ ಬೇರೆ ಸದ್ದುಗಳು ಕೇಳಿಸಿದ್ದು. ಗೋಡೆಯ ಪಕ್ಕ ಮುದ್ರೆ ಒತ್ತಿ ಜೋಡಿಸಿಟ್ಟಿದ್ದ ಪಾರ್ಸಲ್ಲುಗಳೆಲ್ಲ ಒಂದೊಂದಾಗಿ ಮಗ್ಗುಲು ಬದಲಿಸುತ್ತಿದ್ದವು. ಹಾರ್ಮೋನಿಯಂ ಒಂದು ನಿಟ್ಟುಸಿರು ಬಿಟ್ಟಿತು. ಕೊಡಗಳು ಠಣಠಣ ಅಂದವು. ಯಾರದೋ ಗಡಿಯಾರ ಆಕಳಿಸಿ ಹೊಡೆಯಲು ಶುರುಮಾಡಿತು. ಒಂದು ಛತ್ರಿ ಕಾಗದ ಹರಿದುಕೊಂಡು ಭಗ್ಗನೆ ಬಿಚ್ಚಿಕೊಂಡಿತು. ಇಡೀ ಆಫೀಸು ಎದ್ದು ಕೂತು, ಮುಂದೇನಾಯಿತು ಅಂತ ನನ್ನ ಕಡೆ ತಿರುಗಿತ್ತು.

"ಅಯ್ಯೋ ನಿನ್ನ ಕಥೆ ಹಾಳಾಗ!" ಅಂದಳು ದ್ಯಾವಕ್ಕ. "ಒಂದು ಹೊರೆ ಮಾಲು ಎಬ್ಬಿಸ್ಬಿಟ್ಯಲ್ಲೇ!"

ಸುದ್ದಿ ಕೇಳಿ ಊರಿಗೆ ಊರೇ ಬಂತು. ಅಂಗಳದ ತುಂಬ ಜನ ಕೂತು ತಮ್ಮ ತಮ್ಮ ಸಾಮಾನನ್ನು ಮಡಿಲಲ್ಲಿ ಹಾಕಿಕೊಂಡು ಮತ್ತೆ ತಟ್ಟಲು ತೊಡಗಿದರು. ಒಬ್ಬರ ಜೋಗುಳಕ್ಕೆ ಇನ್ನೊಬ್ಬರ ಹಂಡೆ ಮಲಗುವುದು, ಮಲಗಿದ ಹಂಡೆಯನ್ನು ಪಕ್ಕದ ಹಾರ್ಮೋನಿಯಂ ಎಬ್ಬಿಸುವುದು. "ಮದುವೆ ನಿಂದು, ನಿದ್ದೆ ನಮ್ಮದಾ?" ಅಂತ ಕೇಳಿದರು ಒಬ್ಬರು. "ಅದಿರಲಿ, ಬಾಗಿಲು ತಟ್ಟಿದಳಲ್ಲ, ಚಂದ್ರ ತೆಗೆದನಾ?" ಅಂತ ಕೇಳಿದರು ಇನ್ನೊಬ್ಬರು. ನನಗೆ ನಗು, ಅವಮಾನ ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ಮಲ್ಲಿನಾಥ ಒಂದು ಲೋಟ ನೀರು ತಂದುಕೊಟ್ಟು, ಮತ್ತೆ ಬಹುವಚನಕ್ಕೆ ಹತ್ತಿ, "ಕುಡೀರಿ ಬಕುಳಾ ಅವ್ರೇ," ಅಂದ.

ದ್ಯಾವಕ್ಕನ ಪ್ರಯಾಣ ಮಾರನೆಯ ದಿನಕ್ಕೆ ಹೋಯಿತು. "ನಾಳೆ ಮಧ್ಯಾಹ್ನ ಹೊರಟೆ ಅಂದ್ರೆ ಹೊರಟೆ," ಅಂದಳು. "ಅಷ್ಟರಾಗೆ ನಿನ್ನ ಕೋವಿ ಮಲಗಿದ್ರೆ ಸರಿ. ಇಲ್ದಿದ್ರೆ ಮುಂದಿನ ಬೂರುಗಕ್ಕೆ ನೋಡ್ಕೊ." ಮರದ ಕಡೆ ನೋಡಿದೆ. ಒಂದು ಕಾಯಿಯ ತುದಿ ಆಗಲೇ ಸೀಳಿ, ಹಲ್ಲು ಬರುವ ಮಗುವಿನ ವಸಡಿನ ಹಾಗೆ ಬೆಳ್ಳಗೆ ಇಣುಕುತ್ತಿತ್ತು.

ಮನೆಗೆ ಬಂದಾಗ ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದಳು. ಕೋವಿ ಹೂಂಗುಟ್ಟಿತೆಂದು ಕೇಳಿ ಮೊರವೇ ಮಗುಚುವ ಹಾಗೆ ನಕ್ಕಳು. ನಾನೂ ನಕ್ಕೆ. ನಗು ಮುಗಿದ ಮೇಲೆ ಕೇಳಿದೆ. "ಅದಿರಲಿ ಅಜ್ಜೀ, ಆ ಹುಡುಗಿ ಬಾಗಿಲು ತಟ್ಟಿದ ಮೇಲೆ ಏನಾಯ್ತು? ಅಲ್ಲಿಂದ ಮುಂದೆ ನನಗೆ ನೆನಪೇ ಇಲ್ಲ."

"ಮುಂದೆ ನೀನು ಮಲಗಿದೆ."

"ನಾನಲ್ಲ, ಹುಡುಗಿ! ಹುಡುಗಿ ಏನಾದಳು?"

"ನೀನು ಮಲಗಿದ ಮೇಲೆ ಅವಳ ಉಸಾಬರಿ ನನಗ್ಯಾಕೆ ಕೂಸೇ? ನಾನೂ ಮಲಗಿದೆ."

"ಮತ್ತೆ ಬಾವಿಗೆ ಬಿದ್ದ ರಾಜ?"

ಅಜ್ಜಿ ಹುರುಳಿ ಕಾಳೊಂದನ್ನು ಹಿಡಿದುಕೊಂಡು ಯೋಚಿಸಿದಳು. "ಬಾವೀಲೇ ಇದಾನೆ ಅಂತ ಕಾಣತ್ತೆ."

"ಹುಲಿಗೆ ಹೆದರಿ ಮರ ಹತ್ತಿದ ಅಣ್ಣತಮ್ಮಂದಿರು?"

"ಮರದ ಮೇಲೆ."

"ತುಪ್ಪದ ಗಡಿಗೆಯೊಳಗೆ ಕೈ ಸಿಕ್ಕಿಸಿಕೊಂಡ ಕಳ್ಳ?"

"ಅಯ್ಯೋ ಪಾಪ, ಅವನೂ ಹಂಗೇ ಇದಾನಲ್ಲೇ!" ಅಂದಳು ಅಜ್ಜಿ, ಬಾಯಿಗೆ ಸೆರಗು ಹಿಡಿದು. "ನಮ್ಮಜ್ಜಿ ಹೇಳಿದ್ದಷ್ಟನ್ನ ನಾನು ಹೇಳಿದೆ. ಅವಳು ಹೇಳೋವಾಗ ನಾನೂ ಅಲ್ಲಲ್ಲಿಗೇ ಮಲಗಿಬಿಡ್ತಿದ್ದೆ. ನಮ್ಮ ಮನೇಲಿ ಯಾರೂ ಯಾವ ಕಥೆದೂ ಕೊನೆ ಕೇಳಿಲ್ಲ ನೋಡು."

ಪೆಟ್ಟಿಗೆಯೊಳಗಿಂದ "ಟಿಕ್" ಅಂತ ಕೇಳಿಸಿತು. ಇಬ್ಬರೂ ಆ ಕಡೆ ತಿರುಗಿದೆವು.

ಒಬ್ಬರು ಮಾತ್ರ ಎಚ್ಚರವಾಗಿದ್ದು ಕೇಳುತ್ತಿದ್ದರು. ಮಂಚದ ಮೇಲುಗಡೆ, ಗೋಡೆಯ ಮೇಲೆ, ಅಡ್ಡಡ್ಡ ಮಲಗಿದ ಹಾಗೆ ಕಂಡರೂ ಮಲಗದೆ, ಅಜ್ಜಿ ಮಗುವಾಗಿದ್ದಾಗ, ಅಮ್ಮ ಮಗುವಾಗಿದ್ದಾಗ, ನಾನು ಮಗುವಾಗಿದ್ದಾಗ, ಪ್ರತಿಯೊಂದು ಕಥೆಯನ್ನೂ ಅರ್ಧಕ್ಕೆ ಕೇಳಿಸಿಕೊಂಡದ್ದು ಇದೇ. ಮಕ್ಕಳು ಹೂಂಗುಟ್ಟುವುದನ್ನು ನಿಲ್ಲಿಸುತ್ತಿದ್ದರು, ಇದು ಮಾತ್ರ ಕತ್ತಲಲ್ಲಿ ಒಂದೇ ಸಮನೆ ಹೂಂ, ಹೂಂ, ಆಮೇಲೆ, ಆಮೇಲೆ ಅನ್ನುತ್ತಿತ್ತು. ಗುಂಡು ಹಾರಿಸಿ ಸವೆದ ಸ್ಪ್ರಿಂಗಲ್ಲ ಅದು, ಹೂಂಗುಟ್ಟಿ ಸವೆದದ್ದು.

"ಇಷ್ಟು ಜನರನ್ನ ಮರದ ಮೇಲೆ, ಬಾವೀಲಿ ಬಿಟ್ಟು ಯಾರಿಗೆ ನಿದ್ದೆ ಬರತ್ತೆ?" ಅಂದಳು ಅಜ್ಜಿ. ಆಮೇಲೆ ಪೆಟ್ಟಿಗೆಯ ಹತ್ತಿರ ಬಂದು, ಮೊದಲ ಸಲ ಅದನ್ನು ಮನೆಯ ಹಿರಿಯರನ್ನು ಮಾತಾಡಿಸುವ ಹಾಗೆ ಮಾತಾಡಿಸಿದಳು. "ತಪ್ಪಾಯ್ತು ಕಣಪ್ಪ. ನನಗೂ ಗೊತ್ತಿಲ್ಲ. ನಮ್ಮ ಹುಡುಗಿ ಹೇಳ್ತಾಳೆ."

ಮಾರನೆಯ ದಿನ ಬೆಳಿಗ್ಗೆಯೇ ಅಜ್ಜಿ, ನಾನು, ಪೆಟ್ಟಿಗೆ ಮೂವರೂ ಆಫೀಸು ಸೇರಿದೆವು. ಮಲ್ಲಿನಾಥ ಮಿಕ್ಕ ಪಾರ್ಸಲ್ಲುಗಳನ್ನೆಲ್ಲ ಹಿಂದಿನ ಕೋಣೆಗೆ ಸಾಗಿಸಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದ. "ಶುರು ಮಾತ್ರ ಮಾಡಬೇಡಿ. ಕೊನೆಯಷ್ಟೇ ಹೇಳಿ," ಅಂದ. ಹಿಂದಿನ ದಿನ ಚಂದ್ರನ ಬಾಗಿಲಿನ ಬಗ್ಗೆ ಕೇಳಿದವರೆಲ್ಲ, ಕೆಲಸ ಇಲ್ಲದಿದ್ದರೂ, ಅಂಗಳದಲ್ಲಿ ಜಮಾಯಿಸಿದ್ದರು.

ಮೊದಲು ರಾಜನನ್ನು ಬಾವಿಯಿಂದ ಎತ್ತಿದೆ. ಅವನ ಏಳು ರಾಣಿಯರು ತಮ್ಮ ಜಡೆಗಳನ್ನು ಒಂದಕ್ಕೊಂದು ಗಂಟು ಹಾಕಿ ಇಳಿಬಿಟ್ಟರು. ರಾಜ ಮೇಲೆ ಬಂದ, ಗಂಟು ಬಿಚ್ಚಲು ಬರಲಿಲ್ಲ, ಜಗಳವಾಡಿಕೊಂಡಿದ್ದ ರಾಣಿಯರು ಅಂದಿನಿಂದ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರು. ಕೋವಿ "ಟಿಕ್" ಅಂದಿತು, ಆದರೆ ಆ ಟಿಕ್ ಸ್ವಲ್ಪ ನಿಧಾನವಾಗಿತ್ತು. ಅಣ್ಣತಮ್ಮಂದಿರನ್ನು ಮರದಿಂದ ಇಳಿಸುವ ಕೆಲಸ ದ್ಯಾವಕ್ಕ ತಾನೇ ವಹಿಸಿಕೊಂಡಳು. ಹುಲಿಗೆ ಎಲೆಅಡಿಕೆ ಕೊಟ್ಟು, ಸುಣ್ಣ ಹೆಚ್ಚಾಗಿ ಹಚ್ಚಿ, ನಾಲಿಗೆ ಸುಟ್ಟುಕೊಂಡ ಹುಲಿ ಹೊಳೆಗೆ ಓಡಿದ ಮೇಲೆ ಎಲ್ಲರನ್ನೂ ಹೇಸರಗತ್ತೆ ಮೇಲೆ ಕೂರಿಸಿ ಅವರವರ ಮನೆಗೆ ಬಿಟ್ಟುಬಂದಳು. ಕಳ್ಳನ ವಿಷಯಕ್ಕೆ ಅಜ್ಜಿಯೇ ಬಾಯಿ ಹಾಕಿದಳು. "ಮುಷ್ಟಿ ಬಿಚ್ಚಿದ್ರೆ ಕೈ ಬರತ್ತೆ ಕಣೋ ಪೆದ್ದೇ ಅಂತ ಮನೆ ಯಜಮಾನಿ ಹೇಳಿದಳು. ಬಿಚ್ಚಿದ. ಬಂತು. ಕೈಗೆ ಹತ್ತಿದ ತುಪ್ಪ ದಂಡ ಮಾಡೋದು ಬೇಡ ಅಂತ ಎರಡು ಬಿಸಿ ಹೋಳಿಗೆ ಹಾಕಿ ಕಳಿಸಿದಳು." ಅಂಗಳದಲ್ಲಿ ಚಪ್ಪಾಳೆ ಬಿತ್ತು. ಟಿಕ್ಕಿಗೂ ಟಿಕ್ಕಿಗೂ ನಡುವೆ ಈಗ ಒಂದು ಆಕಳಿಕೆಯಷ್ಟು ಅಂತರ ಬಂದಿತ್ತು.

ಉಳಿದದ್ದು ಚಂದ್ರನ ಬಾಗಿಲು. ಬಿಸಿಲು ನೆತ್ತಿಗೆ ಏರುತ್ತಿತ್ತು. ದ್ಯಾವಕ್ಕ ಹೇಸರಗತ್ತೆಗಳಿಗೆ ಹೊರೆ ಬಿಗಿಯತೊಡಗಿದಳು.

"ಚಂದ್ರ ಬಾಗಿಲು ತೆಗೆದ," ಅಂದೆ. "ಅವನ ಕಿವಿಗಳು ಸ್ವಲ್ಪ ದೊಡ್ಡವು." ಅಂಗಳದಲ್ಲಿ ಯಾರೋ ಕೆಮ್ಮಿದರು. ಮಲ್ಲಿನಾಥ ಅರಗಿನ ಕಡ್ಡಿಯನ್ನು ಬಹಳ ಶ್ರದ್ಧೆಯಿಂದ ನೋಡಿದ. "ಹುಡುಗಿ ಅವನನ್ನು ನೋಡಿದಳು. ಅಲ್ಲೇ ಮದುವೆಯಾಗಿ, ಅಲ್ಲೇ ಉಳಿದುಬಿಟ್ಟಳು. ಸುಖವಾಗಿದ್ದಳು."

"ಟಿಕ್ ಟಿಕ್ ಟಿಕ್ ಟಿಕ್!" ಇಷ್ಟು ಹೊತ್ತು ತೂಕಡಿಸುತ್ತಿದ್ದ ಕೋವಿ ಎದ್ದು ಕೂತ ಹಾಗಿತ್ತು.

"ಒಪ್ಪಲಿಲ್ಲ," ಅಂದ ಮಲ್ಲಿನಾಥ, ಪೆಟ್ಟಿಗೆಯಿಂದ ಕಿವಿ ತೆಗೆಯದೆ.

"ಹೆಂಗೊಪ್ತದೆ? ಚಂದ್ರನ್ನ ಕಟ್ಕೊಂಡ್ರೆ ಗಂಡ ಅರ್ಧ ತಿಂಗಳು ಸೊರಗ್ತಾನೆ, ಒಂದಿನ ಕಾಣೆನೇ ಆಗ್ತಾನೆ," ಅಂದಳು ದ್ಯಾವಕ್ಕ.

ಅವಳು ಚುಕ್ಕಿಯಾದಳು ಅಂದೆ. ಟಿಕ್ ಟಿಕ್. ಚಂದ್ರನ ಮೇಲೆ ಕಾಣುವ ಮೊಲಕ್ಕೆ ಅಕ್ಕನಾದಳು ಅಂದೆ. ಟಿಕ್ ಟಿಕ್ ಟಿಕ್. ಬೆಳ್ಳಿಯ ಅರಮನೆ ಕಟ್ಟಿಸಿದೆ, ಮುತ್ತಿನ ಉಯ್ಯಾಲೆ ತೂಗಿಸಿದೆ. ಒಂದೊಂದು ಕೊನೆಗೂ ಕೋವಿಗೆ ಇನ್ನಷ್ಟು ಎಚ್ಚರವಾಗುತ್ತಿತ್ತು. ಹಿಂದಿನ ಕೋಣೆಯಲ್ಲಿ ಹಾರ್ಮೋನಿಯಂ ಒಮ್ಮೆ ಮುಲುಗಿತು. ಆ ಹೊತ್ತಿಗೇ ಗಾಳಿಗೆ ಒಂದು ಎಳೆ ಅರಳೆ ತೇಲಿಬಂದು ನನ್ನ ಮೂಗಿನ ಮೇಲೆ ಕೂತಿತು. ನನಗೆ ಈ ಸಲ ನಿಜವಾಗಿ ಅಳು ಬಂತು.

"ಇದಕ್ಕೆ ಇನ್ನೇನು ಬೇಕು ಅಜ್ಜೀ? ಚಂದ್ರನ ಮನೆಗಿಂತ ಒಳ್ಳೆ ಜಾಗ ಎಲ್ಲಿದೆ?"

ಅಜ್ಜಿ ಪೆಟ್ಟಿಗೆಯ ಪಕ್ಕ ಬೆಂಚಿನ ಮೇಲೆ ಕೂತು, ಅದರ ಮೇಲೆ ಕೈ ಇಟ್ಟುಕೊಂಡಿದ್ದಳು. ಅವಳು ನನ್ನನ್ನು ನೋಡಲಿಲ್ಲ. ಮೆಲ್ಲಗೆ, ತನಗೇ ಹೇಳಿಕೊಳ್ಳುವ ಹಾಗೆ ಅಂದಳು. "ಹಾಲು ಆರಿಹೋಗತ್ತಲ್ಲ ಕೂಸೇ."

ಬಟ್ಟಲು ಹಿಡಿದು ಹೊರಟ ಹುಡುಗಿಯನ್ನು ಬಾಗಿಲವರೆಗೆ ಕರೆದುಕೊಂಡು ಹೋಗುವ ಸಡಗರದಲ್ಲಿ ನಾನು ಮನೆಯ ಕಡೆ ತಿರುಗಿ ನೋಡಿರಲೇ ಇಲ್ಲ. ಅಲ್ಲಿ ಒಲೆಯ ಪಕ್ಕ ಹಾಲು ಉಗುರುಬೆಚ್ಚಗೆ ಕಾಯುತ್ತಿತ್ತು. ಹಾಲಿನ ಪಕ್ಕ ಅವಳಜ್ಜಿ ಕಾಯುತ್ತಿದ್ದಳು. ಅಜ್ಜಿಯ ತಲೆಯ ಮೇಲುಗಡೆ, ಗೋಡೆಯಲ್ಲಿ, ಇನ್ನೊಬ್ಬರು ಕಾಯುತ್ತಿದ್ದರು.

ಮೂಗಿನ ಮೇಲಿನ ಅರಳೆಯನ್ನು ಊದಿಬಿಟ್ಟು ಪೆಟ್ಟಿಗೆಯ ಹತ್ತಿರ ಬಾಗಿ ಹೇಳಿದೆ. ಈ ಸಲ ಕೈ ಬೀಸಲಿಲ್ಲ.

"ಚಂದ್ರ ಬಾಗಿಲು ತೆಗೆದ. ಏನು ಬೇಕು ಅಂದ. ಒಂದು ಚಮಚ ಹೆಪ್ಪು ಅಂದಳು. ಕೊಟ್ಟ. ಇದ್ದು ಹೋಗು ಅಂದ. ಮನೇಲಿ ಹಾಲು ಕಾಯ್ತಾ ಇದೆ, ಹೋಗಿ ಬರ್ತೀನಿ ಅಂದಳು. ಮೋಡ ಇಳಿದಳು, ಎಳೆ ಇಳಿದಳು, ಮನೆಗೆ ಬಂದಳು. ಹಾಲಿಗೆ ಬೆರಳು ಅದ್ದಿ ನೋಡಿದಳು, ಇನ್ನೂ ಬೆಚ್ಚಗಿತ್ತು. ಹೆಪ್ಪು ಹಾಕಿ, ಕಲಕಿ, ತಟ್ಟೆ ಮುಚ್ಚಿದಳು. ಅಜ್ಜಿ ಬಾಗಿಲ ಅಗುಳಿ ಹಾಕಿದಳು."

"ಟಿಕ್," ಅಂದಿತು ಕೋವಿ. ಬಹಳ ದೂರದಿಂದ.

"ಬೆಳಿಗ್ಗೆ ತಟ್ಟೆ ತೆಗೆದರೆ ಮೊಸರು ಗಟ್ಟಿಯಾಗಿ, ದುಂಡಗೆ, ಬೆಳ್ಳಗೆ, ಗಡಿಗೆಯೊಳಗೆ ಹುಣ್ಣಿಮೆ. ಕಡ ತಂದ ಹೆಪ್ಪು ತಿರುಗಿ ಕೊಡಬೇಕಲ್ಲ? ಒಂದು ಬಟ್ಟಲು ಮೊಸರು ತಗೊಂಡು ಹೋದಳು. ಬರೀ ಬಟ್ಟಲು ವಾಪಸ್ ಕಳಿಸಬಾರದು ಅಂತ ಚಂದ್ರ ಅದರಲ್ಲಿ ಏನೋ ಹಾಕಿ 'ಇದನ್ನ ಅಜ್ಜಿಗೆ ಕೊಟ್ಟು ಬಾ' ಅಂದ. ಅಜ್ಜಿ ಇನ್ನೇನೋ ಹಾಕಿ 'ಇದನ್ನ ಅವನಿಗೆ ಕೊಟ್ಟು ಬಾ' ಅಂದಳು. ಹಾಗೇ ಅವಳು ಆ ಮನೆಗೂ ಈ ಮನೆಗೂ ಹೋಗಿ ಬಂದು, ಹೋಗಿ ಬಂದು... ಬಟ್ಟಲು ಯಾವತ್ತೂ ಖಾಲಿ ಇರಲಿಲ್ಲ. ಅಷ್ಟೇ ಕಥೆ. ಮುಗೀತು."

ನಾವೆಲ್ಲ ಕಾದೆವು. ಟಿಕ್ ಬರಲಿಲ್ಲ. ಮಲ್ಲಿನಾಥ ಮಂಡಿಯೂರಿ ಪೆಟ್ಟಿಗೆಗೆ ಕಿವಿ ಇಟ್ಟ. ಬಹಳ ಹೊತ್ತು ಇಟ್ಟ. ಒಮ್ಮೆ ಕಿವಿ ತೆಗೆದು, ಅನುಮಾನದಿಂದ ಅತ್ತ ನೋಡಿ, ಮತ್ತೆ ಇಟ್ಟ. ಆಮೇಲೆ ಆ ನಗು, ಉಪ್ಪಿನಕಾಯಿ ಭರಣಿಯ ದಿನ ಬಂದಿದ್ದ ಆ ನಗು, ಅವನ ಮುಖದ ಮೇಲೆ ಮೆಲ್ಲಗೆ ಏರಿತು.

"ಮಲಗಿದ್ದಾರೆ," ಅಂತ ಪಿಸುಗುಟ್ಟಿದ.

"ಮಲಗಿದ್ದಾರೆ? ಯಾರು?"

"ಇಬ್ಬರೂ."

ನೋಡಿದರೆ ಅಜ್ಜಿ ಪೆಟ್ಟಿಗೆಯ ಮೇಲೆ ಕೆನ್ನೆ ಇಟ್ಟು, ಬಾಯಿ ತುಸು ತೆರೆದು, ಹೊಟ್ಟೆತುಂಬ ಹಾಲು ಕುಡಿದ ಮಗುವಿನ ಹಾಗೆ ಮಲಗಿದ್ದಳು. ಹುಟ್ಟಿದಂದಿನಿಂದ ಅವಳೂ ಒಂದು ಕಥೆಯ ಕೊನೆ ಕೇಳಿದವಳಲ್ಲ.

ನಾನು ಅವಳ ತಲೆಯನ್ನು ನನ್ನ ಮಡಿಲಿಗೆ ಜಾರಿಸಿಕೊಂಡೆ. ಮಲ್ಲಿನಾಥ ಅರಗು ಕರಗಿಸಿ ಸದ್ದಾಗದ ಹಾಗೆ ಮುದ್ರೆ ಒತ್ತಿದ. ಹಾಗೆ ಸುಮ್ಮನೆ ಮಲಗಿದೆ ಅನ್ನುವವನಲ್ಲ ಅವನು, ಹಾಗಾಗಿ ಯಾರೂ ಎರಡನೆಯ ಸಲ ಕೇಳಲಿಲ್ಲ. ದ್ಯಾವಕ್ಕ ಹೇಸರಗತ್ತೆಯ ಕೊರಳ ಗಂಟೆಗೆ ತನ್ನ ತಲೆವಸ್ತ್ರ ಸುತ್ತಿ, ಪೆಟ್ಟಿಗೆಯನ್ನು ಎರಡು ಹುಲ್ಲಿನ ಕಂತೆಗಳ ನಡುವೆ ಇಟ್ಟು ಬಿಗಿದಳು. ಅಷ್ಟು ಬಾಯಿಯ ದ್ಯಾವಕ್ಕ ನನಗೆ ಬರೀ ಕಣ್ಣು ಮಿಟುಕಿಸಿ ಹೊರಟಳು. ಹೇಸರಗತ್ತೆಗಳು ಸೇತುವೆ ಹತ್ತಿದವು, ಸೇತುವೆ ಇಳಿದವು, ಗುಡ್ಡದ ತಿರುವಿನ ಕಡೆ ಸಾಲಾಗಿ ನಡೆದವು.

ನಮ್ಮಲ್ಲಿ ಯಾರನ್ನೂ ಹೋಗು ಅಂತ ಕಳಿಸುವುದಿಲ್ಲ. ಅಜ್ಜಿಗೆ ಎಚ್ಚರವಾಗದ ಹಾಗೆ, ಕೋವಿಗೆ ಎಚ್ಚರವಾಗದ ಹಾಗೆ, ನಾನು ತುಟಿಯಲ್ಲೇ ಅಂದೆ: "ಹೋಗಿ ಬಾ."

ಯಾರೂ ಹೂಂ ಅನ್ನಲಿಲ್ಲ.